ಫಟಫಟಿ ಏರುವ ಮುನ್ನ ಏಳು ಅರಿವೆ

ದೀಪಾವಳಿಯಿಂದ ಶಿವರಾತ್ರಿಯವರೆಗೆ ನಮ್ಮ ಕಾಕಾನ ಮುಖವನ್ನು ಮುಂಜಾನೆ ಹೊತ್ತು ನೋಡಿದವರು ಇಡೀ ರಾಯಬಾಗ ತಾಲೂಕಿನಲ್ಲಿ ಇಬ್ಬರೇ. ಒಬ್ಬಳು ಚಿಗವ್ವ, ಅಂದರೆ ಅವನ ಹೆಂಡತಿ. ಇನ್ನೊಬ್ಬಳು ನಾನು. ಉಳಿದವರಿಗೆಲ್ಲ ಕಂಡದ್ದು ಎರಡು ಕಣ್ಣು ಮಾತ್ರ. ಅದೂ ಗಾಗಲ್ ಮೇಲಿನ ಮಂಜು ಒರೆಸಿಕೊಳ್ಳಲು ಅವನು ಅದನ್ನು ತೆಗೆದಾಗ.

ಕಾಕಾ ದನದ ದವಾಖಾನೆಯಲ್ಲಿ ಕಂಪೌಂಡರ್. ಡಾಕ್ಟರರು ದವಾಖಾನೆ ನೋಡಿಕೊಂಡರೆ ಹಳ್ಳಿ ತಿರುಗುವುದು ಕಾಕಾನ ಪಾಲು. ಆಕಳು, ಎಮ್ಮೆಗಳಿಗೆ ಗಡಿಯಾರ ಎಲ್ಲಿಯದು? ಅವು ಈಯುವುದೂ ಹೊಟ್ಟೆ ಉಬ್ಬರಿಸಿಕೊಳ್ಳುವುದೂ ಹೆಚ್ಚಾಗಿ ಕೋಳಿ ಕೂಗುವ ಹೊತ್ತಿಗೇ. ಹೀಗಾಗಿ ಸೂರ್ಯ ಕಣ್ಣು ಬಿಡುವ ಮೊದಲೇ ಕಾಕಾ ತನ್ನ ಫಟಫಟಿ ಹೊರಗೆ ತೆಗೆಯಬೇಕಾಗುತ್ತಿತ್ತು. ಮೋಟಾರ್ ಸೈಕಲ್ಲಿಗೆ ನಮ್ಮ ಕಡೆ ಹಾಗೆಯೇ ಅನ್ನುವುದು. ಗಾಡಿ ಚಾಲೂ ಆಗಲು ಎರಡು ಒದೆ ಸಾಕಿತ್ತು. ಕಾಕಾ ಚಾಲೂ ಆಗಲು ಅರ್ಧ ಗಂಟೆ ಬೇಕು.

ಮೊದಲು ಅಂಗಳದಲ್ಲಿ ನಿಂತು ಪಕ್ಕದ ಮನೆಯ ನೀರೊಲೆಯ ಹೊಗೆ ಯಾವ ಕಡೆ ಬಾಗಿದೆ ಎಂದು ನೋಡುವನು. ಹೊಗೆ ನೆಟ್ಟಗೆ ಮೇಲೆ ಹೋದರೂ ಅವನಿಗೆ ಸಮಾಧಾನವಿಲ್ಲ. ಗಾಳಿ ಎಲ್ಲೋ ಹೊಂಚು ಹಾಕಿ ಕೂತಿದೆ ಎಂದೇ ಲೆಕ್ಕ. ಒಳಗೆ ಬಂದು ಬನಿಯನ್ ಮೇಲೆ ಹಿಂದಿನ ದಿನದ ಪೇಪರು ಹಾಸಿಕೊಳ್ಳುವನು. ಗಾಳಿ ತಡೆಯುವುದರಲ್ಲಿ ಕನ್ನಡ ಪೇಪರು ಮೇಲೋ ಮರಾಠಿ ಪೇಪರು ಮೇಲೋ ಎಂಬ ಗಡಿ ತಂಟೆ ನಮ್ಮ ಮನೆಯಲ್ಲೂ ಕೆಲವು ದಿನ ನಡೆದಿತ್ತು. ಕೊನೆಗೆ ಎದೆಗೆ ಕನ್ನಡ, ಬೆನ್ನಿಗೆ ಮರಾಠಿ ಎಂದು ಕಾಕಾನೇ ತೀರ್ಮಾನ ಕೊಟ್ಟ. ಎರಡೂ ಕಡೆಯವರು ಒಪ್ಪಿದ ಗಡಿ ತೀರ್ಮಾನ ನನಗೆ ತಿಳಿದಂತೆ ಅದೊಂದೇ.

ಪೇಪರಿನ ಮೇಲೆ ಸ್ವೆಟರು. ಸ್ವೆಟರಿನ ಮೇಲೆ ಅಂಗಿ. ಉಣ್ಣೆ ಬೆಚ್ಚಗಿಡುತ್ತದೆಯೇ ಹೊರತು ಗಾಳಿಯನ್ನು ತಡೆಯುವುದಿಲ್ಲ, ಆದ್ದರಿಂದ ಅದು ಒಳಗೇ ಇರಬೇಕು ಎಂದು ಅವನು ನಮಗೆ ಹಲವು ಸಲ ತಿಳಿಸಿ ಹೇಳಿದ್ದ. ಅಂಗಿಯ ಮೇಲೆ ಮದುವೆಯ ಕೋಟು, ಕೋಟಿನ ಮೇಲೆ ಮಳೆಗಾಲದ ರೇನ್‌ಕೋಟು. ಪ್ಯಾಂಟಿನೊಳಗೆ ಪಾಯಿಜಾಮ, ಪ್ಯಾಂಟಿನ ತುದಿಗೆ ಸುತಳಿ. ಕೈಗೆ ಹಾಕಿಕೊಳ್ಳುವುದು ಕಾಲುಚೀಲ. ಕ್ಲಚ್ ಹಿಡಿಯಲು ಬರಲಿ ಎಂದು ಚಿಗವ್ವ ಅದಕ್ಕೆ ಹೆಬ್ಬೆರಳೊಂದನ್ನು ಹೊಲಿದು ಕೂಡಿಸಿದ್ದಳು. ಕಿವಿಗೆ ಅರಳೆ, ತಲೆಗೆ ಕಾನಟೋಪಿ, ಕುತ್ತಿಗೆಗೆ ಮಫ್ಲರು. ಇಷ್ಟೆಲ್ಲ ಮುಗಿಸಿ ಗಾಡಿಯ ಹತ್ತಿರ ಹೋಗಿ ನಿಂತ ಮೇಲೆ ವಾರಕ್ಕೆ ಎರಡು ಸಲವಾದರೂ ಅವನಿಗೊಂದು ಸಂಗತಿ ನೆನಪಾಗುತ್ತಿತ್ತು. ಗಾಡಿಯ ಕೀಲಿಕೈ ಪ್ಯಾಂಟಿನ ಕಿಸೆಯಲ್ಲೇ ಉಳಿದಿದೆ!

ಅಲಖನೂರಿನಲ್ಲಿ ಒಮ್ಮೆ ಎಮ್ಮೆಯೊಂದು ಇವನನ್ನು ಕಂಡದ್ದೇ ಹಗ್ಗ ಹರಿದುಕೊಂಡು ಓಡಿತಂತೆ. ಎಮ್ಮೆಯ ಮಾಲಕನಿಗೂ ಗುರುತು ಹತ್ತಲಿಲ್ಲ. ಯಾರು ನೀವು, ಮೊದಲು ಮಾರಿ ತೋರಿಸಿ ಎಂದು ಅವನು ಕೇಳಿದ. ಕಿವಿಯಲ್ಲಿ ಅರಳೆ ತುಂಬಿಕೊಂಡ ಕಾಕಾ, ಮೇವು ಬಿಟ್ಟು ಎಷ್ಟು ದಿನವಾಯಿತು ಎಂದು ತಿರುಗಿ ಕೇಳಿದ. ಹೀಗೆ ಸ್ವಲ್ಪ ಹೊತ್ತು ಅವರವರ ಮಾತು ಅವರವರೇ ಆಡಿದರು. ಕೊನೆಗೆ ಕಾಕಾ ಕಾನಟೋಪಿ ತೆಗೆದ ಮೇಲೆಯೇ ಎಮ್ಮೆ ಶಾಂತವಾಗಿ ಬಂದು ನಿಂತಿತು. "ಎಮ್ಮಿಗೆ ನನ್ನ ಗುರ್ತ ಐತಿ. ಈ ಊರ ಮಂದಿಗೇ ಇಲ್ಲ," ಎಂದು ಮನೆಗೆ ಬಂದು ಕಾಕಾ ಬೇಸರ ಮಾಡಿಕೊಂಡಿದ್ದ.

ಇನ್ನೊಮ್ಮೆ ಕಬ್ಬಿನ ಗಾಡಿಗೆ ದಾರಿ ಬಿಡಲು ಹೋಗಿ ರಸ್ತೆಯ ಬದಿಗೆ ಬಿದ್ದ. ಬಿದ್ದದ್ದು ಅರಳೆಯ ಅಂಡಿಗೆ ಉರುಳಿದ ಹಾಗೆ, ಮೆಲ್ಲಗೆ. ಒಂದು ತರಚು ಗಾಯವೂ ಇಲ್ಲ. ಆದರೆ ಏಳಲು ಬರಲಿಲ್ಲ, ಏಕೆಂದರೆ ಮೊಣಕೈಯೂ ಮಡಚುತ್ತಿರಲಿಲ್ಲ, ಮೊಣಕಾಲೂ ಮಡಚುತ್ತಿರಲಿಲ್ಲ. ಗಾಡಿಯವರು ಇಬ್ಬರು ಇಳಿದು ಬಂದು ಎತ್ತಿ ನಿಲ್ಲಿಸಿದರು. ಅಂದಿನಿಂದ ಯಾರಾದರೂ ಅವನ ವೇಷಕ್ಕೆ ನಕ್ಕರೆ, ಒಂದು ಸಲ ಬಿದ್ದು ನೋಡಿರಿ, ಆಮೇಲೆ ಮಾತಾಡೋಣ ಎನ್ನುತ್ತಿದ್ದ.

ವರ್ಷ ವರ್ಷ ದೀಪಾವಳಿ ರಜೆಗೆ ಬಂದು ನೋಡುತ್ತಿದ್ದ ಇಷ್ಟೂ ನನಗೆ ನಗೆಯ ಸಂಗತಿಯಾಗಿತ್ತು, ನಾನು ನೌಕರಿಗೆ ಸೇರುವವರೆಗೆ. ನಮ್ಮ ಮನೆ ಕಾಗವಾಡದ ಕಡೆ. ನಾನು ಮೂರು ವರ್ಷದವಳಿದ್ದಾಗ ಅಪ್ಪ ಜ್ವರ ಬಂದು ತೀರಿಕೊಂಡಿದ್ದ. ಅವ್ವ ನನ್ನ ಅಣ್ಣನ ಜೊತೆ ಕಬ್ಬು, ದ್ರಾಕ್ಷಿ ನೋಡಿಕೊಂಡಿದ್ದಳು. ತೊಂಬತ್ತರ ದಶಕದ ಮೊದಲಲ್ಲಿ ನನಗೆ ಮುಗಳಖೋಡದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ರಾಯಬಾಗದಲ್ಲಿ ಕಾಕಾನ ಮನೆ ಇರುವಾಗ ಬೇರೆ ಕಡೆ ಇರುವುದೆಂದರೇನು? ಮಕ್ಕಳಿಲ್ಲದ ಕಾಕಾ, ಚಿಗವ್ವ ನನ್ನನ್ನು ಮಗಳ ಹಾಗೆ ಇಟ್ಟುಕೊಂಡರು. ಹೋಗಿಬರಲು ಒಂದು ಮೊಪೆಡ್ ಕೊಂಡದ್ದಾಯಿತು. ಶಾಲೆಯಲ್ಲಿ ಕೋಣೆಗಳು ಸಾಲದೆ ಎರಡು ಪಾಳಿ. ನನ್ನದು ಮುಂಜಾನೆಯ ಪಾಳಿ, ಏಳೂವರೆಗೆ ಪ್ರಾರ್ಥನೆ.

ಮುಂಜಾನೆಯ ಪಾಳಿ ಎಂದು ಕೇಳಿದಾಗಲೇ ಕಾಕಾನ ಮುಖ ಸಣ್ಣದಾಯಿತು. ದೀಪಾವಳಿಯ ರಜೆ ಮುಗಿದು ಶಾಲೆ ಮತ್ತೆ ತೆರೆಯುವ ದಿನ ನಾನು ಸೀರೆ ಉಟ್ಟು ಹೊರಗೆ ಬಂದರೆ, ಹೊರಸಿನ ಮೇಲೆ ನನ್ನ ಪಾಲಿನ ಸರಂಜಾಮು ಸಾಲಾಗಿ ಕಾಯುತ್ತಿತ್ತು. ಪೇಪರು, ಸ್ವೆಟರು, ಅವನದೇ ಹಳೆಯ ಕೋಟು, ರೇನ್‌ಕೋಟು, ಹೆಬ್ಬೆರಳಿನ ಕಾಲುಚೀಲ, ಮಫ್ಲರು. ಚಿಗವ್ವ ಹೆಣೆದ ಕಾನಟೋಪಿಯೂ ಇತ್ತು. ಕಂದು ಉಣ್ಣೆ ನಡುವೆಯೇ ಮುಗಿದು ಅವಳು ತುದಿಗೆ ಹಸಿರು ಸೇರಿಸಿದ್ದಳು, ಅಂಥದ್ದು ಜಗತ್ತಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ. ನಾನು ಬೇಡವೆಂದೆ. ಕಾಕಾ ಬೈಯಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಮೊಪೆಡ್ಡಿನ ಹ್ಯಾಂಡಲ್ ಹಿಡಿದು ಸುಮ್ಮನೆ ನಿಂತುಬಿಟ್ಟ. ಪ್ರಾರ್ಥನೆಗೆ ಹೊತ್ತಾಗುತ್ತದೆಂದು ನಾನೇ ಸೋತು ಎಲ್ಲ ಹಾಕಿಕೊಂಡೆ.

ಶಾಲೆಯ ಗೇಟಿನಲ್ಲಿ ಹೆಡ್‌ಮಾಸ್ತರರು ನಿಂತಿದ್ದರು. ರಜೆಯ ಮೊದಲು ನನ್ನನ್ನು ಅವರು ನೋಡಿದ್ದು ನಾಲ್ಕೇ ದಿನ. ಹ್ಯಾಂಡಲಿಗೆ ಎರಡು ಚೀಲ ತೂಗಿಸಿಕೊಂಡು ಬಂದ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬ್ಯಾಡವಾ. ಹ್ವಾದ ವರ್ಷ ತಗೊಂಡಿದ್ದು ಇನ್ನೂ ಹರದಿಲ್ಲ. ಮುಂದಿನ ಊರಿಗೆ ಹೋಗು," ಅಂದರು.

ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರು ಮಾರುವವಳು ಎಂದುಕೊಂಡಿದ್ದರು! ನಾನು ಹೊಸ ಟೀಚರ್ ಎಂದು ಹೇಳಿ ಮುಗಿಸುವಷ್ಟರಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ನಿಂತ ಮಕ್ಕಳೆಲ್ಲ ನಕ್ಕು ಸಾಲು ಮುರಿದಿದ್ದರು. ಆ ದಿನ ಏಳನೆಯ ಇಯತ್ತೆಗೆ ನಾನು ಏನು ಕಲಿಸಿದೆನೋ ನನಗೆ ನೆನಪಿಲ್ಲ.

ಮರುದಿನವೇ ಒಂದು ಉಪಾಯ ಕಂಡುಕೊಂಡೆ. ಹಳ್ಳಿಗೆ ದಾರಿ ಕವಲೊಡೆದು ತಿರುಗುವ ಫಾಟಾದಲ್ಲಿ ಒಬ್ಬ ಮುದುಕಿಯ ಚಹಾದಂಗಡಿ ಇತ್ತು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು, ಟೀಚರಾದ ನನ್ನನ್ನು ಅವಳು ಬಾಯಾರ ಎನ್ನುತ್ತಿದ್ದಳು. ಅಲ್ಲಿ ಗಾಡಿ ನಿಲ್ಲಿಸಿ, ಒಂದೊಂದಾಗಿ ಎಲ್ಲವನ್ನೂ ಬಿಚ್ಚಿ, ಅಂಗಡಿಯ ಹಿಂದಿನ ಗೂಟಕ್ಕೆ ಹಾಕಿ, ಬರೀ ಸೀರೆಯಲ್ಲಿ ಶಾಲೆಗೆ ಹೋಗುವುದು. ಮಧ್ಯಾಹ್ನ ಬರುವಾಗ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಮನೆಗೆ ಹೋಗುವುದು. ಫಾಟಾದಿಂದ ಶಾಲೆಗೆ ಎರಡು ಮೈಲು. ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ಮರ್ಯಾದೆ ಬೆಚ್ಚಗಿತ್ತು.

ಚಳಿಗಿಂತ ನನ್ನನ್ನು ಹೆಚ್ಚು ನಡುಗಿಸಿದ್ದು ಅಂಜಿಕೆ. ಕಾಕಾನಿಗೆ ಯಾವ ಊರಿನಿಂದ ಕರೆ ಬರುತ್ತದೆಂದು ಯಾರು ಬಲ್ಲರು? ಫಟಫಟಿಯ ಸದ್ದು ಎಲ್ಲಿ ಕೇಳಿದರೂ ಮೊಪೆಡ್ ನಿಧಾನ ಮಾಡಿ ಹಿಂದೆ ಮುಂದೆ ನೋಡುತ್ತಿದ್ದೆ. ಒಂದು ದಿನ ನಿಜವಾಗಿಯೂ ಎದುರಿಗೇ ಬಂದ. ನಾನು ಬರೀ ಸೀರೆಯಲ್ಲಿದ್ದೆ. ಮರೆಯಾಗೋಣವೆಂದರೆ ಎರಡೂ ಕಡೆ ಕಟಾವಾದ ಕಬ್ಬಿನ ಬಯಲು. ಮುಗಿಯಿತು ನನ್ನ ಕತೆ ಎಂದುಕೊಂಡು ಕಣ್ಣು ಕಿರಿದು ಮಾಡಿ ಮುಂದೆ ಹೋದೆ. ಕಾಕಾ ನನ್ನ ಪಕ್ಕದಿಂದಲೇ ಹಾದುಹೋದ, ನೋಡಲಿಲ್ಲ. ಎದುರಿಗೆ ನೋಡಲು ಗಾಗಲ್ ತುಂಬ ಮಂಜು, ಪಕ್ಕಕ್ಕೆ ನೋಡಲು ಮಫ್ಲರಿನ ದೆಸೆಯಿಂದ ಅವನಿಗೆ ಕುತ್ತಿಗೆ ತಿರುಗಿಸಲು ಬರುತ್ತಿರಲಿಲ್ಲ. ಆ ಮಫ್ಲರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಹೀಗೆ ಎರಡು ತಿಂಗಳು ಕಳೆದವು. ಜನವರಿಯ ಒಂದು ಮಧ್ಯಾಹ್ನ ಚಹಾದಂಗಡಿಗೆ ಬಂದು ನೋಡಿದರೆ ಗೂಟ ಖಾಲಿ. ಕಳುವಾಗಿದ್ದರೆ ಕಾಕಾನಿಗೆ ಏನೆಂದು ಹೇಳುವುದು? ಆಯಿ ಒಳಗಿನಿಂದ ಒಂದು ಗಂಟು ತಂದು ಗಿರಾಕಿಗಳು ಕೂರುವ ಬಾಕಿನ ಮೇಲಿಟ್ಟಳು. ಎಲ್ಲ ಅರಿವೆಗಳೂ ಇದ್ದವು. ಎಲ್ಲವನ್ನೂ ಮಡಚಿಟ್ಟಿತ್ತು. ನನ್ನ ಕೈಯಲ್ಲಿ ಮುದ್ದೆಯಾಗಿದ್ದ ಪೇಪರನ್ನು ಕೂಡ ಯಾರೋ ತೀಡಿ, ಸಪಾಟು ಮಾಡಿ ಮೇಲಿಟ್ಟಿದ್ದರು.

"ಬಾಯಾರ, ನಿಮ್ಮ ಕಾಕಾ ಬಂದಿದ್ದರು. ನಿಮಗ ಹೇಳಬ್ಯಾಡ ಅಂದಾರ. ಅದಕ್ಕ ಹೇಳಾಕತ್ತೀನಿ," ಅಂದಳು.

ಅಂದು ಆ ಹಳ್ಳಿಯಲ್ಲಿ ಯಾರದೋ ಆಕಳು ನೋಡಿ ಹೊರಟವನು ಚಹಾ ಕುಡಿಯಲು ನಿಂತಿದ್ದನಂತೆ. ಗೂಟದ ಮೇಲಿನ ಹಸಿರು ತುದಿಯ ಕಾನಟೋಪಿ ಕಂಡು ಎದ್ದು ಹೋಗಿ ಅದರ ಮುಂದೆ ನಿಂತನಂತೆ. ಯಾವಾಗಿನಿಂದ ಎಂದು ಕೇಳಿದನಂತೆ. ಆಯಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಆಮೇಲೆ ಅಲ್ಲೇ ಬಾಕಿನ ಮೇಲೆ ಕೂತು ಒಂದೊಂದನ್ನೂ ಮಡಚಿಟ್ಟು, ಮುಂಜಾನೆ ಅವಳು ಬಂದಾಗ ಒಲೆಯ ಮುಂದೆ ಒಂದು ಗಳಿಗೆ ಕೂಡಿಸಿರಿ, ಕೈ ಬೆಚ್ಚಗಾದ ಮೇಲೆ ಕಳಿಸಿರಿ ಎಂದು ಹೇಳಿ ಹೋದನಂತೆ. ಚಹಾ ಅಲ್ಲೇ ಆರಿಹೋಯಿತಂತೆ.

ಮನೆಗೆ ಹೋಗುವ ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಬೈದರೆ ಏನು ಹೇಳುವುದು, ಅತ್ತರೆ ಏನು ಹೇಳುವುದು, ಎಲ್ಲವೂ ತಯಾರಾಗಿತ್ತು. ಕಾಕಾ ಊಟಕ್ಕೆ ಕೂತಿದ್ದ. ತಲೆ ಎತ್ತಿ, ಕಿವಿಗೆ ಗಾಳಿ ಹತ್ತಿಲ್ಲ ತಾನೇ ಎಂದು ಕೇಳಿದ. ಇಲ್ಲವೆಂದೆ. ಅಷ್ಟೇ. ಕೈ ತೊಳೆದುಕೊಂಡು ದವಾಖಾನೆಗೆ ಹೊರಟುಹೋದ. ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದು ತಡೆಯಲಾಗಲಿಲ್ಲ. ಸಿಟ್ಟೆಲ್ಲ ಚಿಗವ್ವನ ಮೇಲೆ ತಿರುಗಿತು. ಇದೆಂಥ ಹುಚ್ಚು, ರಾಯಬಾಗದ ಚಳಿಗೆ ಯಾರಾದರೂ ಸಾಯುತ್ತಾರೆಯೇ ಎಂದು ಕೇಳಿದೆ. ಹಿಟ್ಟು ಸಾಣಿಸುತ್ತಿದ್ದ ಚಿಗವ್ವ ಸಾಣಿಗೆ ಕೆಳಗಿಟ್ಟಳು. ಆಮೇಲೆ, ನಮ್ಮ ಮನೆಯಲ್ಲಿ ನನ್ನ ಮುಂದೆ ಯಾರೂ ಆಡದ ಮಾತನ್ನು ಹೇಳಿದಳು.

ಕಾಕಾನಿಗೆ ಆಗಷ್ಟೇ ನೌಕರಿ ಸಿಕ್ಕಿತ್ತಂತೆ. ಇನ್ನೂ ಮದುವೆಯಾಗಿರಲಿಲ್ಲ. ಯಾರದೋ ಹಳೆಯ ಫಟಫಟಿ ಕೊಂಡು, ಅದನ್ನು ಮಂಗಸೂಳಿಗೆ ಒಯ್ದು ಮಲ್ಲಯ್ಯ ದೇವರ ಮುಂದೆ ಕಾಯಿ ಒಡೆಸಬೇಕೆಂದು ಅಣ್ಣನನ್ನು, ಅಂದರೆ ನನ್ನ ಅಪ್ಪನನ್ನು, ರಾಯಬಾಗಕ್ಕೆ ಕರೆಸಿಕೊಂಡಿದ್ದ. ಇಬ್ಬರೂ ನಸುಕಿನಲ್ಲೇ ಹೊರಟರು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಸ್ವೆಟರು, ಅದು ಅಪ್ಪನ ಮೈಮೇಲಿತ್ತು. ಕೃಷ್ಣಾ ನದಿ ದಾಟುವಾಗ ಮಂಜಿಗೆ ದಾರಿ ಕಾಣದಾಯಿತು. ಗಾಡಿ ನಡೆಸುತ್ತಿದ್ದ ಕಾಕಾನ ಬೆರಳು ಸೆಟೆದು ಬ್ರೇಕ್ ಹಿಡಿಯಲು ಬರದಾಯಿತು. ಅಪ್ಪ ಗಾಡಿ ನಿಲ್ಲಿಸಲು ಹೇಳಿ, ಗಾಳಿ ಹೊಡೆಯುವುದು ಮುಂದಿನವನಿಗೆ ಎಂದು ತನ್ನ ಸ್ವೆಟರು ಬಿಚ್ಚಿ ತಮ್ಮನಿಗೆ ಹಾಕಿದ. ತಾನು ಬರೀ ಅಂಗಿಯಲ್ಲಿ ಹಿಂದೆ ಕೂತ. ಮೂರನೆಯ ದಿನಕ್ಕೆ ಜ್ವರ. ಮಿರಜದ ದವಾಖಾನೆಗೆ ಒಯ್ದರು. ಹನ್ನೆರಡನೆಯ ದಿನ ಅಪ್ಪ ಇರಲಿಲ್ಲ.

ಎದೆಯ ರೋಗ ಮೊದಲೇ ಒಳಗಿತ್ತು, ಒಂದು ಮುಂಜಾನೆಯ ಚಳಿಯಿಂದ ಆದದ್ದಲ್ಲ ಎಂದು ಅಲ್ಲಿನ ಡಾಕ್ಟರು ಎಲ್ಲರಿಗೂ ತಿಳಿಸಿ ಹೇಳಿದ್ದರಂತೆ.

"ಎಲ್ಲಾರೂ ಕೇಳಿದ್ರು, ನಿಮ್ಮ ಕಾಕಾ ಒಬ್ಬರ ಕೇಳಲಿಲ್ಲ," ಅಂದಳು ಚಿಗವ್ವ. "ತನಗ ಥಂಡಿ ಆದ್ರ ಮತ್ತ ಯಾರರ ತಮ್ಮದು ಬಿಚ್ಚಿ ಕೊಟ್ಟಾರು ಅಂತ ಅಂಜತಾರ. ಅದಕ್ಕ ಅಷ್ಟು ಹಾಕ್ಕೋತಾರ."

ಮರುದಿನ ಮುಂಜಾನೆ ಹೊರಸಿನ ಮೇಲೆ ಎಂದಿನಂತೆ ಎಲ್ಲವೂ ಸಾಲಾಗಿದ್ದವು. ಆದರೆ ಕಾಕಾ ಹತ್ತಿರ ಬರಲಿಲ್ಲ. ಬೇಕಿದ್ದರೆ ಹಾಕಿಕೊಳ್ಳಲಿ, ಬೇಡವಾದರೆ ಬಿಡಲಿ ಎನ್ನುವ ಹಾಗೆ ನನಗೆ ಬೆನ್ನು ಮಾಡಿ ಫಟಫಟಿ ಒರೆಸುತ್ತಿದ್ದ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ನಾನು ಸ್ವೆಟರು, ಕೋಟು ಹಾಕಿಕೊಂಡು, ಮಫ್ಲರು ಕೈಯಲ್ಲಿ ಹಿಡಿದು ಅವನ ಮುಂದೆ ಹೋಗಿ ನಿಂತೆ. ಅವನಿನ್ನೂ ಕಿವಿಗೆ ಅರಳೆ ಇಟ್ಟುಕೊಂಡಿರಲಿಲ್ಲ.

"ಕಾಕಾ, ನಮ್ಮಪ್ಪಗ ಥಂಡಿ ಭಾಳ ಆಗ್ತಿತ್ತೇನು?"

ಕಾಕಾನ ಕೈ ನಿಂತಿತು. ಅವನು ಚಿಗವ್ವನ ಕಡೆ ನೋಡಿದ. ಅವಳು ಬಾಗಿಲಿನಿಂದ ಒಳಗೆ ಸರಿದಳು. ಪಕ್ಕದ ಮನೆಯವರು ನೀರೊಲೆಗೆ ಕಟ್ಟಿಗೆ ಮುರಿಯುವ ಸದ್ದು ಕೇಳುತ್ತಿತ್ತು.

"ಇಲ್ಲ ಬೇ. ಅಂವಗ ಥಂಡೀನ ಗೊತ್ತಿರಲಿಲ್ಲ," ಅಂದ. ನನ್ನ ಕಡೆ ನೋಡಿ, "ನಿನ್ನಂಗ," ಅಂದ.

ನಾನು ಅಪ್ಪನ ಹಾಗೆ ಇದ್ದೇನೆಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ. ಮಫ್ಲರನ್ನು ಅವನ ಕೈಗೆ ಕೊಟ್ಟು ಕುತ್ತಿಗೆ ಮುಂದೆ ಮಾಡಿದೆ. ಕಾಕಾ ನಿಧಾನವಾಗಿ, ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಹಾಕಿ ಕಟ್ಟಿದ.