ಟೀಚರಮ್ಮನ ಓವರ್‌ಟೇಕ್

ಕುಶಾಲನಗರದಲ್ಲಿ ಡ್ರೈವಿಂಗ್ ಕಲಿಸಲು ಶುರು ಮಾಡಿ ಇಪ್ಪತ್ತೆರಡು ವರ್ಷವಾಯಿತು. ‘ಎಡಕ್ಕೆ, ಎಡಕ್ಕೆ’ ಎಂದು ಕೂಗಿದಷ್ಟು ಸಲ ದೇವರ ಹೆಸರು ಹೇಳಿದ್ದರೆ ಇಷ್ಟು ಹೊತ್ತಿಗೆ ಮೋಕ್ಷವಾದರೂ ಸಿಗುತ್ತಿತ್ತು. ಸಿಕ್ಕಿದ್ದು ಬಿ.ಪಿ. ಮಾತ್ರ. ಏನಾದರೊಂದು ಫಜೀತಿಯಾಗದೆ ನನ್ನ ಕಾರು ಶೆಡ್ಡಿಗೆ ವಾಪಸಾದ ದಿನವೇ ಇಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ಬಂದ ಒಬ್ಬ ಟೀಚರಮ್ಮ ಹಳೆಯ ಫಜೀತಿಗಳನ್ನೆಲ್ಲ ಮರೆಸಿಬಿಟ್ಟರು.

ಐವತ್ತು ದಾಟಿದವರು. ನನ್ನ ಮಗನಿಗೆ ಲೆಕ್ಕ ಹೇಳಿಕೊಟ್ಟವರು, ಹಾಗಾಗಿ ಗದರುವಂತೆಯೂ ಇಲ್ಲ. ಅವರಿಗೆ ಮಡಿಕೇರಿಯ ಆಚೆ ಒಂದು ಶಾಲೆಗೆ ವರ್ಗವಾಗಿತ್ತು. ಬೆಲ್ ಹೊಡೆಯುವುದರೊಳಗೆ ಅಲ್ಲಿಗೆ ತಲುಪುವ ಬಸ್ಸೇ ಇಲ್ಲ.

“ನಮ್ಮನೆಯವರು, ‘ಈ ವಯಸ್ಸಲ್ಲಿ ನಿಂಗೆ ಕಾರು ಬರಲ್ಲ, ಕೆಲಸ ಬಿಟ್ಟು ಮನೇಲಿರು’ ಅಂತಾರೆ ಸಾರ್. ಶಾಲೆ ಶುರುವಾಗೋದ್ರೊಳಗೆ ಲೈಸೆನ್ಸ್ ಕೈಲಿರಬೇಕು. ನಂಗೆ ಕೆಲಸ ಬಿಡೋಕೆ ಮನಸ್ಸಿಲ್ಲ” ಎಂದರು.

“ನಾನಿದ್ದೀನಲ್ಲ ಟೀಚರ್” ಎಂದೆ. ಹಾಗೆನ್ನುವ ಮೊದಲು ಒಂದು ಸಲ ಯೋಚಿಸಬೇಕಿತ್ತು.

೧. ಎಡ ಅಂದರೆ ಎಷ್ಟು ಎಡ?

ಮೊದಲನೇ ದಿನವೇ ಹೈವೇಯ ನಿಯಮ ಹೇಳಿದೆ. “ಯಾವಾಗಲೂ ಎಡಕ್ಕೇ ಇರಬೇಕು.” ಟೀಚರ್ ತಲೆಯಾಡಿಸಿದರು. ಎಡಕ್ಕೆ ಬಂದರು. ಇನ್ನೂ ಎಡಕ್ಕೆ ಬಂದರು. ಡಾಂಬರು ಮುಗಿಯಿತು, ಮಣ್ಣು ಮುಗಿಯಿತು. ನನ್ನ ಕಡೆಯ ಬ್ರೇಕನ್ನು ನಾನು ಒತ್ತಿ ಹಿಡಿಯುವಷ್ಟರಲ್ಲಿ ಕಾರಿನ ಮೂತಿ ಬಸ್ ತಂಗುದಾಣದ ಬಾಗಿಲಲ್ಲಿತ್ತು.

“ಎಡಕ್ಕೆ ಅಂದೆ ಟೀಚರ್, ಒಳಗಡೆ ಅನ್ನಲಿಲ್ಲ” ಎಂದು ಬೆವರು ಒರೆಸಿಕೊಂಡೆ. ಅಷ್ಟರಲ್ಲಿ ಹಿಂದಿನ ಬಾಗಿಲು ತೆಗೆದ ಸದ್ದು. ಒಬ್ಬ ಅಜ್ಜಿ ಚೀಲದ ಸಮೇತ ಹತ್ತಿ ಕೂತು, “ಸುಂಟಿಕೊಪ್ಪಕ್ಕೆ ಹೋಗ್ತದಲ್ಲ ಮಗಾ? ಬಾಗಿಲಿಗೇ ತಂದು ನಿಲ್ಲಿಸಿದ್ರಿ, ಪುಣ್ಯ ಬರ್ಲಿ” ಎಂದರು.

ಇಳಿಸಲು ಮನಸ್ಸಾಗಲಿಲ್ಲ. ಆದರೆ ಎರಡೇ ಕಿಲೋಮೀಟರ್ ಹೋಗುವಷ್ಟರಲ್ಲಿ ಅಜ್ಜಿಯೇ ಇಳಿದು, ಬರುವ ಬಸ್ಸಿಗೆ ಕೈ ತೋರಿಸಿದರು.

೨. ಭಾವನವರ ಕಾರು

ಎರಡನೇ ವಾರಕ್ಕೆ ಕೈ ಕುದುರಿತು. ಗುಡ್ಡೆಹೊಸೂರು ದಾಟಿದ ಮೇಲೆ ಮುಂದೆ ಒಂದು ಬಿಳಿ ಕಾರು ಇಪ್ಪತ್ತರ ಸ್ಪೀಡಿನಲ್ಲಿ ತೆವಳುತ್ತಿತ್ತು. ರಸ್ತೆ ನೇರ, ಎದುರಿಗೆ ಒಂದು ನಾಯಿಯೂ ಇಲ್ಲ.

“ಬಲಗಡೆ ಇಂಡಿಕೇಟರ್ ಹಾಕಿ. ಓವರ್‌ಟೇಕ್ ಮಾಡಿ” ಎಂದೆ.

“ಅಯ್ಯೋ, ಬೇಡ ಸಾರ್! ಅದು ನಮ್ಮ ಭಾವನೋರ ಕಾರು, ನಮ್ಮೆಜಮಾನ್ರ ಅಣ್ಣ. ನಾನು ಮುಂದೆ ಹೋದ್ರೆ ‘ತಮ್ಮನ ಹೆಂಡ್ತಿಗೆ ಕಾರು ಬಂದಿದ್ದೇ ತಡ, ಹಿರಿಯರು ಕಾಣಲ್ಲ’ ಅಂತಾರೆ.”

ಸರಿ, ಹಿಂದೆಯೇ ಹೋದೆವು. ನಮ್ಮ ಹಿಂದೆ ಮೂರು ಲಾರಿ, ಎರಡು ಬಸ್ಸು, ಅವುಗಳ ಹಾರ್ನ್. ಕೊನೆಗೆ ಭಾವನವರು ಪೆಟ್ರೋಲ್ ಬಂಕಿಗೆ ತಿರುಗಿಸಿದರು. ಟೀಚರ್ ಕೂಡ ತಿರುಗಿಸಿದರು.

ಭಾವನವರು ಇಳಿದು ಬಂದು ಹಣೆ ಚಚ್ಚಿಕೊಂಡರು. “ಎಲ್ ಬೋರ್ಡು ನೋಡ್ದೆ, ನೀನೇ ಅಂತ ಗೊತ್ತಾಯ್ತು ಕಣಮ್ಮ. ಪಾಪ, ಮುಂದೆ ಹೋಗ್ಲಿ ಅಂತ ಇಪ್ಪತ್ತರಲ್ಲಿ ಹೋಗ್ತಿದ್ದೆ. ನಂಗೆ ಪೆಟ್ರೋಲೂ ಬೇಕಿರಲಿಲ್ಲ, ನಿಂಗೆ ದಾರಿ ಬಿಡೋಕೇ ಇಲ್ಲಿಗೆ ಬಂದೆ!”

೩. ಪಕ್ಕದ ಬೆಂಚಿನ ಉತ್ತರ

ಮಡಿಕೇರಿ ಘಾಟಿಯಲ್ಲಿ ಮರದ ದಿಮ್ಮಿ ತುಂಬಿದ ಲಾರಿಯ ಹಿಂದೆ ಸಿಕ್ಕಿಕೊಂಡೆವು. ಮುಂದೆ ತಿರುವು. ಲಾರಿಯ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ ‘ಹೋಗಿ, ಹೋಗಿ’ ಎಂದು ಬೀಸಿದ. ಹಸಿದಿದ್ದೆ, ನನಗೂ ಮಡಿಕೇರಿ ಸೇರಿ ಊಟ ಮಾಡುವ ಆತುರ. “ಅವನೇ ಹೇಳ್ತಿದ್ದಾನಲ್ಲ, ಹೋಗಿ ಟೀಚರ್” ಎಂದುಬಿಟ್ಟೆ.

ಟೀಚರ್ ಅಲ್ಲಾಡಲಿಲ್ಲ. “ಪರೀಕ್ಷೇಲಿ ಪಕ್ಕದ ಬೆಂಚಿನವನೂ ಉತ್ತರ ತೋರಿಸ್ತಾನೆ ಸಾರ್. ಅದು ಸರಿ ಅಂತ ಯಾರು ಹೇಳಿದ್ದು? ನನ್ನ ಕಣ್ಣಿಗೆ ರಸ್ತೆ ಕಾಣೋವರೆಗೂ ನಾನು ಹೋಗಲ್ಲ.”

ಮಾತು ಮುಗಿದಿರಲಿಲ್ಲ, ತಿರುವಿನಿಂದ ಎಸ್ಟೇಟ್ ಕೆಲಸದವರನ್ನು ತುಂಬಿಕೊಂಡ ಜೀಪೊಂದು ನಡುರಸ್ತೆಯಲ್ಲೇ ಧಡಧಡ ಬಂತು. ಇಪ್ಪತ್ತೆರಡು ವರ್ಷದ ಅನುಭವವನ್ನು ಮಡಿಚಿ ಜೇಬಿಗಿಟ್ಟುಕೊಂಡೆ. ಅಂದಿನ ಫೀಸು ಯಾರು ಯಾರಿಗೆ ಕೊಡಬೇಕಿತ್ತೋ!

೪. ಎರಡು ಕೈ, ಒಂದು ಟೋಪಿ

ಟೆಸ್ಟಿನ ದಿನ ಆರ್.ಟಿ.ಓ. ಇನ್ಸ್‌ಪೆಕ್ಟರ್ ಟೀಚರ್ ಪಕ್ಕದಲ್ಲಿ ಕೂತರು. ಓವರ್‌ಟೇಕ್ ನೋಡಬೇಕು, ಮುಂದೊಂದು ಗಾಡಿ ನಿಧಾನ ಹೋಗಲಿ ಎಂದರು. ನನ್ನ ಇನ್ನೊಂದು ಕಾರು ಹತ್ತಿ ನಾನೇ ಮುಂದೆ ಹೋದೆ. ಟೀಚರ್ ಸೊಗಸಾಗಿ ನನ್ನನ್ನು ದಾಟಿದರು.

ವಾಪಸ್ ಬಂದಾಗ ಇನ್ಸ್‌ಪೆಕ್ಟರ್ ಮುಖ ಬಿಳಿಚಿಕೊಂಡಿತ್ತು. “ಕನ್ನಡಿ ನೋಡಿದ್ರು, ಇಂಡಿಕೇಟರ್ ಹಾಕಿದ್ರು, ಎಲ್ಲಾ ಸರಿ. ನಿಮ್ಮ ಪಕ್ಕಕ್ಕೆ ಬಂದಾಗ ಸ್ಟೀರಿಂಗ್ ಬಿಟ್ಟು ಎರಡೂ ಕೈ ಎತ್ತಿ ಮುಗಿದ್ರಲ್ರೀ! ಹೇಗ್ರೀ ಪಾಸ್ ಮಾಡ್ಲಿ?”

ಆಗ ನಾನೂ ಎರಡೂ ಕೈ ಎತ್ತಿ ವಾಪಸ್ ನಮಸ್ಕಾರ ಮಾಡಿದ್ದೆ. ಅದನ್ನು ಅವರು ನೋಡಿರಲಿಲ್ಲ, ಸದ್ಯ.

“ಗುರುಗಳನ್ನ ದಾಟಿ ಹೋಗುವಾಗ ಸುಮ್ನೆ ಹೇಗೆ ಹೋಗ್ಲಿ ಸಾರ್?” ಎಂದ ಟೀಚರ್ ಕಣ್ಣಲ್ಲಿ ನೀರಿತ್ತು. ಶಾಲೆ ಶುರುವಾಗಲು ಹತ್ತೇ ದಿನ. ಉಳಿದಿದ್ದು ಇನ್ನೊಂದೇ ಅವಕಾಶ.

ಮರುವಾರ ಒಂದು ಉಪಾಯ ಮಾಡಿದೆ. “ನಾನು ಟೀ ಅಂಗಡೀಲಿ ಕಾಯ್ತಿರ್ತೀನಿ ಟೀಚರ್” ಎಂದು ಹೇಳಿ ಹಿಂದಿನಿಂದ ಜಾರಿಕೊಂಡು, ಪಕ್ಕದ ಮನೆಯವರಿಂದ ತಂದಿದ್ದ ಹಳೇ ವ್ಯಾನ್ ಹತ್ತಿದೆ. ಬೇಸಿಗೆಯಾದರೂ ಬೆಳಗಿನ ಚಳಿಯ ನೆಪದಲ್ಲಿ ಹುಬ್ಬಿನವರೆಗೆ ಮಂಕಿ ಕ್ಯಾಪ್, ಮೂಗಿನವರೆಗೆ ಮಫ್ಲರ್. ಅರ್ಧ ದಾರಿಯಲ್ಲಿ ಟೋಪಿ ಎಡಗಣ್ಣಿನ ಮೇಲೆ ಜಾರಿತು. ರಸ್ತೆಯ ಎಡಬದಿಯೇ ಕಾಣದೆ ನಡುವಿನಲ್ಲಿ ಹೊರಟಿದ್ದೆ. ಹಿಂದಿನಿಂದ ಒಂದು ಗಂಭೀರವಾದ ಹಾರ್ನ್. ದಡಬಡ ಟೋಪಿ ಸರಿಸಿ ಎಡಕ್ಕೆ ಎಳೆದೆ. ಟೀಚರ್ ರಸ್ತೆ ನೋಡಿ, ಇಂಡಿಕೇಟರ್ ಹಾಕಿ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ದಾಟಿದರು. ನನ್ನ ಕಡೆ ಒಮ್ಮೆ ಕಣ್ಣು ಹಾಯಿಸಿದರು, ಗುರುತು ಹಿಡಿಯಲಿಲ್ಲ. ಜೀವನದಲ್ಲಿ ಒಬ್ಬರು ನಮಸ್ಕಾರ ಮಾಡದಿದ್ದುದಕ್ಕೆ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ನಾನು ಟೀ ಅಂಗಡಿ ಸೇರಿ ಟೋಪಿಯನ್ನು ಜೇಬಿಗೆ ತುರುಕುವಷ್ಟರಲ್ಲಿ ಅವರು ಓಡಿಬಂದರು. “ಸಾರ್, ಪಾಸು! ಕೆಲಸ ಬಿಡೋ ಹಾಗಿಲ್ಲ ಇನ್ನು!” ಅವರೂ ಅತ್ತರು, ನನ್ನ ಕಣ್ಣೂ ತುಂಬಿತು.

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಟೀಚರ್ ಹೇಳಿದರು: “ಮುಂದೆ ಯಾವನೋ ಮಂಕಿ ಕ್ಯಾಪ್ ಹಾಕ್ಕೊಂಡ ಪೆದ್ದ, ನಡುರಸ್ತೇಲಿ ವ್ಯಾನ್ ಓಡಿಸ್ತಿದ್ದ ಸಾರ್. ಎಡಕ್ಕೆ ಹೋಗೋದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಪಾಪ. ಸಿಕ್ಕಿದ್ರೆ ನಿಮ್ಮ ಹತ್ರನೇ ಕಳಿಸ್ತೀನಿ.”