ಚಿಕ್ಕಪ್ಪನ ಶುಭವಿಚ್ಛೇದನ

ನಮ್ಮ ಚಿಕ್ಕಪ್ಪನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವ ಹಕ್ಕನ್ನು ಚಿಕ್ಕಮ್ಮ ಇವತ್ತಿನವರೆಗೆ ಯಾರಿಗೂ ಬಿಟ್ಟುಕೊಟ್ಟಿಲ್ಲ! ನಾನು ಹೇಳುವುದು ಇಷ್ಟೇ: ಮದುವೆ ಮಾಡಿಸುವ ಪುರೋಹಿತರು ಮಂಗಳೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಆದರೆ ಪಂಚಾಂಗ ಬಿಡಿಸಿ, ಒಳ್ಳೆಯ ಮುಹೂರ್ತ ನೋಡಿ, ಪಾಯಸ ಹಂಚಿ ಡೈವೋರ್ಸ್ ಮಾಡಿಸಿದ ಪುರೋಹಿತರು ಬೇಕೆಂದರೆ ನೀವು ಕದ್ರಿ ಗುಡ್ಡೆ ಹತ್ತಿ ನಮ್ಮ ಮನೆಗೇ ಬರಬೇಕು.

ಕೊರೊನಾದ ಮೊದಲ ಲಾಕ್‌ಡೌನ್. ಒಪ್ಪಿಕೊಂಡಿದ್ದ ಮದುವೆಗಳೆಲ್ಲ ಒಂದೊಂದಾಗಿ ಮುಂದೆ ಹೋದವು. ಫೋನ್ ಬಂದಾಗಲೆಲ್ಲ ಚಿಕ್ಕಪ್ಪ "ಆಯ್ತು, ಆಯ್ತು, ದೇವರು ದೊಡ್ಡವ" ಎನ್ನುತ್ತಿದ್ದರು. ಕೊನೆಗೆ ಫೋನ್ ಬರುವುದೂ ನಿಂತಿತು. ವೈಶಾಖ ಮಾಸದಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ಮನುಷ್ಯ ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತಾ ಕೂತುಬಿಟ್ಟರು.

ಅದೇ ತಾರಸಿಯ ಇನ್ನೊಂದು ಮೂಲೆಯಲ್ಲಿ ನಾನು. ಬಸ್ಸುಗಳ ಓಡಾಟ ನಿಲ್ಲುವುದಕ್ಕೆ ಸ್ವಲ್ಪ ಮೊದಲು ಹುಬ್ಬಳ್ಳಿಯಿಂದ ಬಂದು ಇಳಿದಿದ್ದೆ. ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದಿದ್ದೆ, ಈಗ ಬಸ್ಸಿಲ್ಲ ಎನ್ನುತ್ತಿದ್ದೆ. ನಿಜ ಬೇರೆಯೇ ಇತ್ತು. ಗಂಡನ ಮನೆ ಬಿಟ್ಟೇ ಬಂದಿದ್ದೆ. ಜಗಳವಿಲ್ಲ, ಬೈಗುಳವಿಲ್ಲ, ಒಲೆಯಲ್ಲಿ ಬೆಂಕಿ ಆರಿದ್ದು ಇಬ್ಬರಿಗೂ ಗೊತ್ತಾಗಿತ್ತು, ಅಷ್ಟೆ. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿದವರು ಈ ಚಿಕ್ಕಪ್ಪ ಚಿಕ್ಕಮ್ಮ. ಜಾತಕ ಕೂಡಿಸಿ, ಧಾರೆ ಎರೆದು ಕೊಟ್ಟವರೂ ಅವರೇ. ಧಾರೆ ಎರೆದು ಕೊಟ್ಟ ಹೆಣ್ಣು ಕೊಟ್ಟ ಮನೆಗೇ ಸೇರಿದವಳು ಎಂದು ನಮ್ಮವರಲ್ಲಿ ಒಂದು ಮಾತುಂಟು. ಬಸ್ಸು ಮತ್ತೆ ಓಡಲು ಶುರುವಾದರೆ ನಾನು ಎಲ್ಲಿಗೆ ಹೋಗಬೇಕು? ಈ ಮನೆಯಲ್ಲಿ ನಾನು ಮಗಳೋ, ನೆಂಟಳೋ? ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಆ ದಿನಗಳ ಮಂಗಳೂರು ನೆನಪಿದೆಯಲ್ಲ? ನಂತೂರಿನಲ್ಲಿ ಲಾರಿಗಳ ಸದ್ದೇ ಇಲ್ಲ! ಯಾರೋ ಊರಿಗೆ ಮೆತ್ತಗೆ ಜೋಗುಳ ಹಾಡಿ ಮಲಗಿಸಿದ್ದರು. ಮಧ್ಯಾಹ್ನದ ಬಿಸಿಲು ಹಾಲಿನ ಹಾಗೆ ತಾರಸಿಯಲ್ಲಿ ಹರಡಿಕೊಳ್ಳುತ್ತಿತ್ತು. ಗಾಳಿ ತಿರುಗಿದಾಗ ಸಮುದ್ರ ಕೇಳಿಸುತ್ತದೆ ಎಂದು ಚಿಕ್ಕಪ್ಪ ಹಟ ಮಾಡುತ್ತಿದ್ದರು. ಕೇಳಿಸುತ್ತಿದ್ದದ್ದು ಪಕ್ಕದ ಮನೆಯ ಮಿಕ್ಸಿ. ಆದರೂ ಅವರು ಕಣ್ಣು ಮುಚ್ಚಿ ತಲೆದೂಗುವುದನ್ನು ನೋಡಿದರೆ ನನಗೂ ಅಲೆಯೇ ಕೇಳಿಸುತ್ತಿತ್ತು.

ಹಾಗೆ ತಲೆದೂಗುತ್ತಿದ್ದವರು ಒಂದು ದಿನ ಕಣ್ಣು ತೆರೆದರು. ಎದುರು ಮನೆಯ ಗಂಡ ಹೆಂಡತಿ ಕಿಟಕಿಯ ಬಳಿ ಜಗಳವಾಡುತ್ತಿದ್ದರು.

"ಕೇಳಿದೆಯಾ?" ಎಂದರು ಚಿಕ್ಕಪ್ಪ. "ಇದು ಒಂದು ಮನೆಯ ಕತೆ ಅಲ್ಲ. ಇಷ್ಟು ವರ್ಷ ಆಫೀಸು, ಅಂಗಡಿ ಅಂತ ಬದುಕಿಕೊಂಡಿದ್ದವರು ಈಗ ಇಡೀ ದಿನ ಒಬ್ಬರ ಮುಖ ಒಬ್ಬರು ನೋಡ್ತಾ ಇದ್ದಾರೆ. ಕಟ್ಟುವ ಕೆಲಸ ನಿಂತಿದೆ. ಬಿಡಿಸುವ ಕೆಲಸ ಶುರು ಮಾಡುವ!"

"ಎಂತ ಬಿಡಿಸುವುದು? ಹಲಸಿನ ಹಣ್ಣಾ?" ಎಂದರು ಬಟ್ಟೆ ಒಣಗಿಸುತ್ತಿದ್ದ ಚಿಕ್ಕಮ್ಮ.

"ಮದುವೆ ಮಾರಾಯ್ತಿ! ಕಾಗದದ ಕೆಲಸ ವಕೀಲರು ನೋಡ್ಲಿ. ಕೋರ್ಟು ಕಾಗದ ಹರಿದು ಕೊಡ್ತದೆ, ಮನಸ್ಸು ಯಾರು ತೊಳೆದು ಕೊಡುವುದು? ಕೂಡುವಾಗ ಅಷ್ಟು ಮಂತ್ರ, ಬೇರೆ ಆಗುವಾಗ ಬರೀ ಬೈಗುಳವಾ? ಅದು ಕ್ರಮ ಅಲ್ಲ."

ಚಿಕ್ಕಮ್ಮ ಕ್ಲಿಪ್ಪನ್ನು ಬಾಯಿಂದ ತೆಗೆದು ಹೇಳಿದರು: "ನಿಮ್ಮ ಮೊದಲ ಗಿರಾಕಿ ನಾನೇ. ಬರೆದುಕೊಳ್ಳಿ!"

'ಶುಭವಿಚ್ಛೇದನ' ಹುಟ್ಟಿದ್ದು ಹಾಗೆ. ವಿಡಿಯೊ ಕಾಲ್ ಮಾಡಲು ಬರುವವಳು ನಾನೊಬ್ಬಳೇ ಆದ್ದರಿಂದ ನಾನು ಮ್ಯಾನೇಜರ್. ನನ್ನ ಕುತ್ತಿಗೆಯಲ್ಲಿ ಕರಿಮಣಿ ಇಟ್ಟುಕೊಂಡು ಊರವರಿಗೆ ಡೈವೋರ್ಸ್ ಮಾರುವುದು ಎಂಥ ವಿಚಿತ್ರ!

ಶುರುವಿನಲ್ಲೇ ದೊಡ್ಡ ತೊಡಕು ಬಂತು. ಬೇರೆಯಾಗಲು ಮುಹೂರ್ತ ಯಾವುದು? ಪಂಚಾಂಗದಲ್ಲಿ ಮದುವೆಗೆ ಉಂಟು, ಬಾವಿ ತೋಡಲು ಉಂಟು, ಬೀಜ ಬಿತ್ತಲೂ ಉಂಟು. ಇದಕ್ಕೆ ಮಾತ್ರ ಇಲ್ಲ. ಚಿಕ್ಕಪ್ಪ ಕೂಳೂರಿನ ಗೆಳೆಯ ಭಟ್ಟರಿಗೆ ಫೋನ್ ಮಾಡಿದರು. ಇದು ಶುಭಕಾರ್ಯವೋ ಅಶುಭವೋ ಎಂದು ಇಬ್ಬರೂ ಶ್ಲೋಕಗಳಲ್ಲಿ ಹೊಡೆದಾಡಿದರು.

"ರಾಹುಕಾಲದಲ್ಲೇ ಇಡಿ. ಹಿಡಿದ ಕೆಲಸ ಕೆಡುವುದು ಗ್ಯಾರಂಟಿ!" ಎಂದರು ಚಿಕ್ಕಮ್ಮ.

"ಕೆಡಬಾರದು ಅಂತಲೇ ಅಲ್ವಾ ಇಷ್ಟೆಲ್ಲ? ಬೇರೆ ಆಗುವುದು ಕೆಟ್ಟರೆ ಅದಕ್ಕಿಂತ ದೊಡ್ಡ ಕೆಡುಕು ಎಂತ ಉಂಟು?"

ಅದನ್ನು ಚಿಕ್ಕಪ್ಪ ಎಷ್ಟು ಮೆಲ್ಲಗೆ ಹೇಳಿದರೆಂದರೆ ನಾನು ಎದ್ದು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ.

ಪರದೆಯ ಮೇಲೆ ಮೊದಲು ಬಂದವರು ಹೋಟೆಲಿನ ದಂಪತಿ. ತಲೆತಲಾಂತರದ ಗದ್ದೆ ತೋಟದವರು, ಈಗ ಪೇಟೆಯಲ್ಲಿ ಹೋಟೆಲು. ಹೋಟೆಲು ಮುಚ್ಚಿ ಇಬ್ಬರೂ ಮನೆ ಸೇರಿದ ಮೇಲೆ ತಾವು ಗಂಡ ಹೆಂಡತಿಯಲ್ಲ, ಬರೀ ಪಾಲುದಾರರು ಎಂದು ಗೊತ್ತಾಗಿತ್ತು. ಚಿಕ್ಕಪ್ಪನ ಕ್ರಮ ಸರಳ: ಬೇರೆಯಾಗುವ ಮೊದಲು ಇನ್ನೊಬ್ಬರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಹೆಂಡತಿ ಬಹಳ ಹೊತ್ತು ಯೋಚಿಸಿ, "ಇವರು ಗೊರಕೆ ಹೊಡೆಯುವುದಿಲ್ಲ" ಎಂದರು. ಗಂಡ ಅದಕ್ಕಿಂತ ಹೆಚ್ಚು ಯೋಚಿಸಿ, "ಇವಳಷ್ಟು ಚಂದ ನೀರುದೋಸೆ ನಮ್ಮ ಹೋಟೆಲಿನಲ್ಲೂ ಆಗ್ಲಿಲ್ಲ" ಎಂದರು. ಇಬ್ಬರ ಕಣ್ಣೂ ತುಂಬಿತು. ಚಿಕ್ಕಪ್ಪನಿಗೂ ತುಂಬಿತು. ತುಂಬಿದ ಕಣ್ಣಿನಲ್ಲಿ, ಜೀವಮಾನದ ಅಭ್ಯಾಸಬಲದಿಂದ, ಎರಡೂ ಕೈ ಎತ್ತಿ ಗಟ್ಟಿಯಾಗಿ ಹರಸಿಬಿಟ್ಟರು: "ದೀರ್ಘಸುಮಂಗಲೀ ಭವ!"

ಪರದೆಯ ಮೇಲೆ ಇಬ್ಬರೂ ಕಣ್ಣು ಒರೆಸುವುದನ್ನು ನಿಲ್ಲಿಸಿದರು.

"ಭಟ್ರೇ," ಎಂದರು ಆಕೆ, "ಇದನ್ನು ವಾಪಸ್ ತಗೊಳ್ಳಿ!"

ವಾಪಸ್ ತೆಗೆದುಕೊಳ್ಳುವ ಮಂತ್ರ ಯಾವ ಪಾಠಶಾಲೆಯಲ್ಲಿ ಹೇಳಿಕೊಡುತ್ತಾರೆ? ಕೊನೆಗೆ ಪಾಯಸದಿಂದಲೇ ಪ್ರಾಯಶ್ಚಿತ್ತವಾಯಿತು. ಪಾಯಸವಿಲ್ಲದೆ ಯಾವ ಕಾರ್ಯವೂ ಪೂರ್ತಿಯಾಗುವುದಿಲ್ಲ ಎಂದು ಚಿಕ್ಕಪ್ಪ ಮೊದಲೇ ಘೋಷಿಸಿದ್ದರು. ಆಕೆ ಆಗಲೇ ತವರಿಗೆ ಹೋಗಿದ್ದರಿಂದ ಎರಡು ಬೇರೆ ಬೇರೆ ಡಬ್ಬಿಗಳಲ್ಲಿ ಹೆಸರುಬೇಳೆ ಪಾಯಸ ತುಂಬಿಸಿಕೊಂಡು, ಮಾಸ್ಕ್ ಕಟ್ಟಿಕೊಂಡು ಚಿಕ್ಕಪ್ಪ ಸ್ಕೂಟರ್ ಹತ್ತಿದರು. ನಂತೂರಿನಲ್ಲಿ ಪೊಲೀಸರು ತಡೆದರು.

"ಎಲ್ಲಿಗೆ ಭಟ್ರೇ?"

"ಡೈವೋರ್ಸಿನ ಪಾಯಸ ಕೊಡ್ಲಿಕ್ಕೆ."

ಪೊಲೀಸಪ್ಪ ಆಚೀಚೆ ನೋಡಿ, ಹತ್ತಿರ ಬಂದು, "ನಿಮ್ಮ ನಂಬರ್ ಒಮ್ಮೆ ಕೊಡಿ" ಎಂದನಂತೆ!

ಆಮೇಲೆ ಚಿಕ್ಕಪ್ಪನ ಕನಸುಗಳಿಗೆ ಲಗಾಮೇ ಇರಲಿಲ್ಲ. ಸಂಜೆ ತಾರಸಿಯಲ್ಲಿ ಆಕಾಶ ಕೆಂಪಾಗುತ್ತಿದ್ದಂತೆ ಬ್ರಾಂಚು ತೆರೆಯುತ್ತಿದ್ದರು. ಕೂಳೂರಿನ ಸೇತುವೆಯ ಬದಿಯಲ್ಲಿ ಒಂದು ಹಾಲ್. ನದಿ ಕಾಣುವ ಜಗಲಿ. ಊಟವಾದ ಮೇಲೆ ಒಬ್ಬರು ಸೇತುವೆ ದಾಟಿ ಉಡುಪಿ ಕಡೆ, ಇನ್ನೊಬ್ಬರು ಈ ಕಡೆ. ನಡುವೆ ಹೊಳೆ ತನ್ನಷ್ಟಕ್ಕೆ ಹರಿಯುತ್ತಿರುತ್ತದೆ. "ಯಾರೂ ತಿರುಗಿ ನೋಡಬಾರದು ಅಂತ ಇಲ್ಲ. ನೋಡ್ಲಿ. ಒಮ್ಮೆ ಕೈ ಬೀಸ್ಲಿ" ಎನ್ನುತ್ತಿದ್ದರು. ಕೇಳುತ್ತಾ ಕೇಳುತ್ತಾ ನಾನೂ ಆ ಸೇತುವೆಯ ಮೇಲೆ ನಿಂತು ಯಾರಿಗೋ ಕೈ ಬೀಸುತ್ತಿದ್ದೆ.

"ನಿನ್ನದು ಯಾವಾಗ ಇಟ್ಟುಕೊಳ್ಳುವ?" ಎಂದರು ಚಿಕ್ಕಪ್ಪ, ಅದೇ ಸ್ವರದಲ್ಲಿ, ಆಕಾಶದಿಂದ ಕಣ್ಣು ತೆಗೆಯದೆ.

ನಾನು ಅವರ ಕಡೆ ತಿರುಗಿದೆ. "ಎಂತದು?"

"ನಾಲ್ಕು ದಿನಕ್ಕೆ ಬರುವವಳು ಹೊಲಿಗೆ ಮಿಷನ್ ಹೊತ್ತುಕೊಂಡು ಬರ್ತಾಳಾ ಮಗಾ? ಬಸ್ಸಿನಿಂದ ಅದನ್ನು ಇಳಿಸಿದವನೇ ನಾನು. ನನ್ನ ಸೊಂಟಕ್ಕೆ ಅವತ್ತೇ ಗೊತ್ತಾಗಿದೆ."

ನಾನು ನಕ್ಕೆ. ನಗುತ್ತಾ ಅತ್ತೆ. ಅವರು ಪಂಚಾಂಗ ತರಲು ಹೋದರು.

ನನ್ನ ದಿನ ಬಂತು. ಪರದೆಯ ಮೇಲೆ ಹುಬ್ಬಳ್ಳಿಯ ಅಡುಗೆಮನೆ, ಅದರಲ್ಲಿ ಅವನು, ಗಡ್ಡ ಬಿಟ್ಟುಕೊಂಡು. ಒಳ್ಳೆಯ ಮಾತು ಹೇಳುವ ಸರದಿ. ತನಗೆ ಚಹಾ ಇಡುವಾಗ ಅವನು ನಿನಗೂ ಬೇಕಾ ಎಂದು ನನ್ನನ್ನು ಕೇಳದೆ ಇಟ್ಟದ್ದೇ ಇಲ್ಲ ಎಂದೆ. ನೀನು ನಕ್ಕರೆ ಪಕ್ಕದ ಮನೆಯವರೂ ನಗುತ್ತಿದ್ದರು, ಈಗ ಆ ನಗು ಎಲ್ಲಿ ಎಂದು ಕೇಳುತ್ತಿದ್ದಾರೆ ಎಂದ ಅವನು. ಯಾರದೂ ತಪ್ಪಿರಲಿಲ್ಲ. ತಪ್ಪಿದ್ದರೆ ಸುಲಭವಾಗುತ್ತಿತ್ತು. ಹರಸಬೇಕಾದ ಚಿಕ್ಕಪ್ಪ ಈ ಸಲ ಕೈ ಎತ್ತಲಿಲ್ಲ. "ಹೊತ್ತು ಹೊತ್ತಿಗೆ ಊಟ ಮಾಡು ಮಗಾ" ಎಂದಷ್ಟೇ ಅವನಿಗೆ ಹೇಳಿ ಎದ್ದು ಹೋದರು. ಅವತ್ತು ಚಿಕ್ಕಮ್ಮ ಒಂದೂ ಕುಚೋದ್ಯ ಮಾಡಲಿಲ್ಲ.

ಬಸ್ಸುಗಳು ಓಡಲು ಶುರುವಾದವು. ನಂತೂರಿನ ಹಾರ್ನ್ ಮತ್ತೆ ತಾರಸಿಯವರೆಗೆ ಬಂತು. ಮದುವೆಗಳು ಬಂದವು, ಶುಭವಿಚ್ಛೇದನ ತಾನಾಗಿಯೇ ಮುಚ್ಚಿತು. ಅದರೊಂದಿಗೆ ನೆಂಟರ ಫೋನೂ ಬಂತು. "ಕೊಟ್ಟ ಹುಡುಗಿಯನ್ನು ಎಷ್ಟು ದಿನ ಇಟ್ಟುಕೊಳ್ತೀರಿ?" ಎಂದು ಕೇಳಿದ್ದು ನನಗೂ ಕೇಳಿಸಿತು. ಚಿಕ್ಕಪ್ಪ "ಹೂಂ" ಎಂದರಷ್ಟೇ. ಇನ್ನು ಸಾಕು ಎನಿಸಿತು. ನಗರದಲ್ಲಿ ಎಲ್ಲಾದರೂ ಪಿ.ಜಿ. ನೋಡೋಣ ಎಂದುಕೊಂಡು ಮರುದಿನ ಬೆಳಿಗ್ಗೆ ಬ್ಯಾಗು ತುಂಬಲು ಕೂತೆ.

ದೇವರ ಕೋಣೆಯಲ್ಲಿ ಚಿಕ್ಕಪ್ಪ ಪೂಜೆಗೆ ಕೂತಿದ್ದರು. ಆಚಮನ ಮಾಡಿ ಸಂಕಲ್ಪ ಶುರು ಮಾಡಿದರು. ಮನೆಯವರ ಗೋತ್ರ, ನಕ್ಷತ್ರ, ಹೆಸರು ದೇವರಿಗೆ ಹೇಳುವ ಹೊತ್ತು. ನಾನು ಚಿಕ್ಕಂದಿನಿಂದ ಕೇಳಿದ ರಾಗ. ಮದುವೆಯಾದ ಮೇಲೆ ಅದರಲ್ಲಿ ನಾನಿಲ್ಲ. ಹೆಣ್ಣುಮಕ್ಕಳ ಗೋತ್ರ ಬದಲಾಗುತ್ತದಲ್ಲ, ಅವರ ಹೆಸರು ಬೇರೆ ಮನೆಯ ದೇವರಿಗೆ ಹೋಗುತ್ತದೆ. ಚಿಕ್ಕಪ್ಪ ತಮ್ಮ ಹೆಸರು ಹೇಳಿದರು. ಚಿಕ್ಕಮ್ಮನ ಹೆಸರು ಹೇಳಿದರು. ಒಂದು ಉಸಿರು ತೆಗೆದುಕೊಂಡು, ಅದೇ ಗೋತ್ರದಲ್ಲಿ, ಅನೂರಾಧಾ ನಕ್ಷತ್ರ ಎಂದು ನನ್ನ ಹೆಸರು ಹೇಳಿದರು.

ನನ್ನ ಕೈಯಲ್ಲಿದ್ದ ಸೀರೆ ಕೈಯಲ್ಲೇ ಉಳಿಯಿತು.

ಅಡುಗೆಮನೆಯಿಂದ ಚಿಕ್ಕಮ್ಮನ ಸ್ವರ ಬಂತು: "ಮೂರನೆಯದು ನನಗೆ ಸರಿ ಕೇಳ್ಲಿಲ್ಲ. ಜೋರಾಗಿ ಹೇಳಿ!"

ಚಿಕ್ಕಪ್ಪ ಜೋರಾಗಿ ಹೇಳಿದರು.