ಸುನಂದಾ, ಕೋಬಾಲ್ ಮತ್ತು ನನ್ನ ಸ್ವೆಟರ್

ತಾನಿಲ್ಲದಿದ್ದರೆ ಆಫೀಸು ನಡೆಯುವುದಿಲ್ಲ ಎಂದು ಗೊಣಗುವವರ ಗೊಣಗಾಟವನ್ನು ನೀವು ನಂಬಬೇಡಿ. ಹಾಗೆ ಗೊಣಗುವುದರಲ್ಲಿ ಎಂಥ ಸುಖವಿದೆ ಎಂದು ನನಗೆ ಗೊತ್ತು. ವರ್ಷಗಟ್ಟಲೆ ಅದನ್ನು ಉಂಡವನು ನಾನು. ವಾಡಿಯ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನನ್ನ ಕೆಲಸ. ಯಾವ ಲಾರಿಗೆ ಎಷ್ಟು ಸಿಮೆಂಟ್ ಚೀಲ, ಯಾವ ಊರಿಗೆ ಎಂದು ಚೀಟಿ ಮುದ್ರಿಸಿ ಕೊಡುವ ಪ್ರೋಗ್ರಾಮೊಂದು ಅಲ್ಲಿದೆ. ಅದನ್ನು ಬರೆದಿರುವುದು ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ. ಬರೆದವರು ಎಂದೋ ಊರು ಬಿಟ್ಟರು. ಈಗ ನಮ್ಮ ಸೀಮೆಯಲ್ಲಿ ಆ ಭಾಷೆ ಬಲ್ಲವನು ನಾನೊಬ್ಬನೇ. ಪ್ರೋಗ್ರಾಮು ನಿಂತರೆ ಲಾರಿಗಳು ಸಾಲುಗಟ್ಟುತ್ತವೆ, ಡ್ರೈವರುಗಳು ಹಾರ್ನ್ ಬಾರಿಸುತ್ತಾರೆ, ಚೀಟಿ ಕೊಡುವ ಗುಮಾಸ್ತ ಗುರುಪಾದ ನನಗೆ ಫೋನ್ ಮಾಡುತ್ತಾನೆ. ನೆಮ್ಮದಿಯಾಗಿ ಕೂತು ಒಂದು ಊಟ ಮುಗಿಸಿದ ನೆನಪು ನನಗಿಲ್ಲ.

ಹೀಗಿರುವಾಗ ಚಿಂಚೋಳಿಯಲ್ಲಿ ತಂಗಿಯ ಕಿರಿಯ ಮಗಳ ಮದುವೆ ಗೊತ್ತಾಯಿತು. ಸೋದರಮಾವನಾದ ನಾನೇ ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕು. ಹಿರಿಯವಳ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಾಕುವ ಹೊತ್ತಿಗೆ ನಾನು ಅಡುಗೆಯವರ ಒಲೆಯ ಪಕ್ಕ ನಿಂತು, ನಿಂತುಹೋದ ಪ್ರೋಗ್ರಾಮನ್ನು ಓಡಿಸಲು ಫೋನಿನಲ್ಲಿ ಗುರುಪಾದನಿಗೆ, "ಸಾಲಿನ ಕೊನೀಗೆ ಚುಕ್ಕಿ ಹಾಕೋ ಮಾರಾಯಾ" ಎಂದು ಕೂಗುತ್ತಿದ್ದೆ. ಲಗ್ನಪತ್ರಿಕೆ ಕೊಡಲು ಬಂದ ತಂಗಿ ಅದನ್ನು ಮರೆತಿರಲಿಲ್ಲ. "ಅಣ್ಣಾ, ಈ ಸಲ ಫೋನ್ ಬಂದ್ ಮಾಡಿ ಬಾ. ಆಗಂಗಿಲ್ಲಂದ್ರ ಈಗೇ ಹೇಳಿಬಿಡು" ಎಂದಳು. ಧ್ವನಿ ಗಡುಸಾಗಿತ್ತು, ಕಣ್ಣು ತುಂಬಿದ್ದವು. ನನಗೆ ನಾಚಿಕೆಯಾಯಿತು.

ಕೋಬಾಲ್ ಕಲಿಯುವವರು ಬೇಕಾಗಿದ್ದಾರೆ ಎಂದು ಸುತ್ತಮುತ್ತ ಹೇಳಿ ಕಳಿಸಿದೆ. ಸೇಡಂನಿಂದ ಬಂದ ಹುಡುಗನೊಬ್ಬ, "ಇದನ್ನ ಕಲಿತ್ರ ಹೆಣ್ಣು ಕೊಡ್ತಾರೇನ್ರಿ ಸರ?" ಎಂದು ಕೇಳಿದ. "ನನಗ ಕೊಟ್ಟಾರಲ್ಲಪಾ" ಎಂದೆ. ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ನೀರು ಕುಡಿದು ಬರುತ್ತೇನೆಂದು ಹೋದವನು ಬರಲೇ ಇಲ್ಲ. ಶಹಾಬಾದಿನವನು ಅರ್ಧ ಕಲಿತ. ಅಷ್ಟರಲ್ಲಿ ರೇಲ್ವೆ ನೌಕರಿ ಸಿಕ್ಕಿ ಪೇಢೆ ಹಂಚಿ ಹೋದ. ನಾನೂ ಖುಷಿಯಿಂದಲೇ ತಿಂದೆ. ವಾಡಿಯಂಥ ಜಂಕ್ಷನ್ನಿನ ಊರಲ್ಲಿ ಕೂತು ರೇಲ್ವೆಯ ಜೊತೆ ಪೈಪೋಟಿ ಮಾಡಲಾದೀತೇ? ಕೊನೆಗೆ ಆಡಕಿಯಿಂದ ಸುನಂದಾ ಬಂದಳು. ಡಿಪ್ಲೊಮಾ ಓದಿದ ಹುಡುಗಿ, ಮಾತು ಕಡಿಮೆ. ನನಗೆ ಹತ್ತು ವರ್ಷದಿಂದ ತಲೆನೋವಾಗಿದ್ದ ಜಾಗವನ್ನು ನೋಡಿ, "ಇದು ಯಾಕ ಬೇಕ್ರಿ?" ಎಂದು ಅಳಿಸಿಯೇ ಬಿಟ್ಟಳು. ಪ್ರೋಗ್ರಾಮು ಮೊದಲಿಗಿಂತ ಚುರುಕಾಗಿ ಓಡಿತು. ಮಗಳೇ ಪಾಸಾದಳೇನೋ ಎಂಬಷ್ಟು ಹೆಮ್ಮೆ ನನಗೆ.

ಆದರೆ ಗುರುಪಾದ ಅವಳನ್ನು ಕಂಪ್ಯೂಟರಿನ ಹತ್ತಿರ ಬಿಡಲೊಲ್ಲ. "ಸರ ಬರ್ಲಿ, ಅವರ ಕೈಗುಣ ಬ್ಯಾರೆ ಅದ" ಎನ್ನುತ್ತಿದ್ದ. ಡ್ರೈವರುಗಳದೂ ಅದೇ ರಾಗ. ಮದುವೆಗೆ ಹೊರಡುವ ದಿನ ಹತ್ತಿರ ಬಂತು. ನಾನು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಸುನಂದಾ ಬಂದು, "ಸರ, ನಿಮ್ಮ ಸ್ವೆಟರ್ ಬಿಟ್ಟು ಹೋಗ್ರಿ" ಎಂದಳು. ಕಂಪ್ಯೂಟರ್ ಕೋಣೆಯ ಎ.ಸಿ.ಗೆ ಹೆದರಿ ನಾನು ಬೇಸಿಗೆಯಲ್ಲೂ ಹಾಕಿಕೊಳ್ಳುವ ಕಂದು ಸ್ವೆಟರ್ ಅದು.

"ಅದ್ಯಾಕವ್ವಾ?"

"ನಮ್ಮ ಎಮ್ಮಿ ನಮ್ಮವ್ವ ಕುಂತ್ರಷ್ಟೇ ಹಾಲು ಕೊಡ್ತದ್ರಿ. ಅವ್ವ ಊರಿಗಿ ಹೋದಾಗ ನಮ್ಮಪ್ಪ ಆಕಿ ಸೀರಿ ಸುತ್ತಿಕೊಂಡು ಹಿಂಡ್ತಾನ."

"ಎಮ್ಮಿ ಮೋಸ ಹೋಗ್ತದೇನು?"

"ಎಲ್ಲೀದ್ರಿ? ಅಪ್ಪನ ಮೀಸಿ ಅದಕ್ಕ ಕಾಣಲ್ಲೇನು? ಹಾಲು ಕೊಡಾಕ ಅದಕ್ಕೂ ಒಂದು ನೆಪ ಬೇಕ್ರಿ, ಅಷ್ಟೇ."

ಸ್ವೆಟರ್ ಬಿಚ್ಚಿ ಕೊಟ್ಟೆ. ಫೋನ್ ಬಂದ್ ಮಾಡಿ ಹೆಂಡತಿಯ ಚೀಲದಲ್ಲಿಟ್ಟೆ. ಸೋದರಸೊಸೆಯ ಕೈ ಹಿಡಿದು ಮಂಟಪಕ್ಕೆ ಕರೆತಂದೆ. ತಂಗಿ ಅತ್ತಳು, ನಾನೂ ಅತ್ತೆ. ಆದರೆ ನಿಜ ಹೇಳುತ್ತೇನೆ, ಅಕ್ಷತೆ ಮುಗಿದದ್ದೇ ಆ ಚೀಲಕ್ಕೆ ಕೈಹಾಕಿದೆ. ಫೋನ್ ಚಾಲೂ ಮಾಡಿ ನೋಡಿದರೆ, ಯಾರಾದರೂ ಕರೆ ಮಾಡಿದ್ದರೆಂಬ ಸಂದೇಶ ಒಂದೂ ಇರಲಿಲ್ಲ. ತಡೆಯಲಾರದೆ ನಾನೇ ಮಾಡಿದೆ.

"ಮುಂಜಾನಿ ಒಮ್ಮೆ ನಿಂತಿತ್ರಿ ಸರ" ಎಂದ ಗುರುಪಾದ. "ಸುನಂದಕ್ಕ ನಿಮ್ಮ ಸ್ವೆಟರ್ ಹಾಕ್ಕೊಂಡು ಕುಂತ್ಳು, ಚಾಲೂ ಆತು. ನೀವು ಆರಾಮ ಬರ್ರಿ, ಗಡಿಬಿಡಿ ಏನಿಲ್ಲ."

ಮರುದಿನ ಊಟದ ಹೊತ್ತಿಗೇ ವಾಡಿ ಸೇರಿದೆ. ಸ್ವೆಟರ್ ಗೂಟಕ್ಕೆ ತೂಗುತ್ತಿತ್ತು. ಸುನಂದಾಳಿಗೆ ಅದರ ಅಗತ್ಯ ಆಗಲೇ ತೀರಿತ್ತು. ತೆಗೆದು ಹಾಕಿಕೊಂಡು, ಗುಂಡಿಗಳನ್ನೂ ಹಾಕಿ, ಎಲ್ಲರಿಗೂ ಕಾಣುವಂತೆ ನನ್ನ ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಹಾರ್ನ್ ಶುರುವಾದವು. ಗುರುಪಾದ ಓಡುತ್ತ ಬಂದ. ನಾನು ಎದ್ದು ನಿಂತೆ. ಅವನು ನನ್ನನ್ನು ದಾಟಿ ಸುನಂದಾಳ ಮೇಜಿಗೆ ಹೋಗುತ್ತ, "ಸರ, ಜರಾ ಅತ್ಲಾಗ ಸರೀರಿ" ಎಂದ.